ಗಾಡಿ ಒಂದು, ಸಾರಥಿಗಳು ಹಲವರು

ಮಕ್ಕಳೇ, ಜಾತ್ರೆಯಲ್ಲಿ ಎತ್ತಿನ ಗಾಡಿಗಳ ಶರ್ಯತ್ತನ್ನು ನೀವು ನೋಡಿರಬಹುದು. ಗಾಡಿಗಳು ಧೂಳೆಬ್ಬಿಸುತ್ತ ಬರುತ್ತವೆ. ಜನರು ಕೇಕೆ ಹಾಕುತ್ತಾರೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಶರ್ಯತ್ತು ಮುಗಿದೇ ಹೋಗುತ್ತದೆ. ಆದರೆ ಇಡೀ ಹಗಲು, ಇಡೀ ರಾತ್ರಿ ನಡೆಯುವ ಶರ್ಯತ್ತೂ ಒಂದಿದೆ. ಅದರಲ್ಲಿ ಎತ್ತುಗಳಿಲ್ಲ. ಕಾರ್ಟ್ ಎಂಬ ಪುಟ್ಟ ಯಂತ್ರದ ಗಾಡಿಗಳಿವೆ. ಆ ಶರ್ಯತ್ತಿನ ಒಂದು ನಿಯಮ ನನಗೆ ಬಹಳ ಹಿಡಿಸಿದೆ. ಅದು ನಮ್ಮ ಶಾಲೆಗಳಿಗೂ ಬರಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ, ಕೇಳಿರಿ.

ಮೊದಲು ಕಾರ್ಟ್ ಎಂದರೇನೆಂದು ತಿಳಿಯೋಣ. 1956ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬವರು ಉಕ್ಕಿನ ಕೊಳವೆಗಳಿಂದ ಒಂದು ಚೌಕಟ್ಟು ಮಾಡಿದರು. ಅದಕ್ಕೆ ನಾಲ್ಕು ಚಿಕ್ಕ ಗಾಲಿಗಳನ್ನೂ ಹುಲ್ಲು ಕತ್ತರಿಸುವ ಯಂತ್ರದ ಎಂಜಿನನ್ನೂ ಜೋಡಿಸಿದರು. ಅದೇ ಮೊದಲ ಕಾರ್ಟ್. ಅದಕ್ಕೆ ಛಾವಣಿ ಇಲ್ಲ, ಬಾಗಿಲು ಇಲ್ಲ, ಕುಲುಕಾಟ ತಡೆಯುವ ಸ್ಪ್ರಿಂಗೂ ಇಲ್ಲ. ಓಡಿಸುವವರು ನೆಲಕ್ಕೆ ತಾಗಿದಂತೆಯೇ ಕುಳಿತಿರುತ್ತಾರೆ. ದಾರಿಯ ಪ್ರತಿಯೊಂದು ಉಬ್ಬೂ ನೇರವಾಗಿ ಬೆನ್ನಿಗೆ ತಿಳಿಯುತ್ತದೆ. ಬಹಳ ಹೊತ್ತು ಓಡಿಸಿದರೆ ತೋಳು, ಭುಜ, ಪಕ್ಕೆಲುಬುಗಳು ನೋಯುತ್ತವೆ.

ಫ್ರಾನ್ಸ್ ದೇಶದ ಲ ಮಾನ್ ಎಂಬ ಊರಿನಲ್ಲಿ 1923ರಲ್ಲಿ ಕಾರುಗಳ 24 ಗಂಟೆಗಳ ಓಟ ಆರಂಭವಾಯಿತು. ಮುಂದೆ ಕಾರ್ಟ್‌ಗಳಿಗೂ ಇಂಥ ದೀರ್ಘ ಓಟಗಳು ಬಂದವು. ಲ ಮಾನ್‌ನಲ್ಲಿಯೂ ಇಂಗ್ಲೆಂಡಿನ ಟೀಸೈಡ್‌ನಲ್ಲಿಯೂ ಕಾರ್ಟ್‌ಗಳು 24 ಗಂಟೆ ಓಡಿವೆ. ಇಂಗ್ಲೆಂಡಿನ ದೀರ್ಘ ಓಟದ ಕಾರ್ಟ್‌ಗಳಲ್ಲಿ ಒಂದು ಬಗೆಯಿದೆ. ಅದರ ಸೀಟಿನ ಎರಡೂ ಬದಿಗೆ 163 ಸಿ.ಸಿ.ಯ ಒಂದೊಂದು ಹೋಂಡಾ ಎಂಜಿನ್ ಇರುತ್ತದೆ. ನೀರೆತ್ತುವ ಪಂಪಿಗೂ ಕರೆಂಟು ಕೊಡುವ ಜನರೇಟರಿಗೂ ಬಳಸುವ ಎಂಜಿನ್ನೇ ಅದು!

ಇಂಥ ಓಟಗಳಲ್ಲಿ ಓಡಿಸುವವರೆಲ್ಲ ಹೆಸರಾಂತ ಆಟಗಾರರಲ್ಲ. ಹೆಚ್ಚಿನವು ಹವ್ಯಾಸಿ ತಂಡಗಳು. ವಾರವಿಡೀ ತಮ್ಮ ತಮ್ಮ ಕೆಲಸ ಮಾಡುವ ಗೆಳೆಯರು ಕೈಯಿಂದ ಹಣ ಹಾಕಿ, ಒಂದು ಗಾಡಿ ಹೂಡಿ, ಓಟಕ್ಕೆ ಬರುತ್ತಾರೆ. ಗಾಡಿ ಒಂದೇ, ಓಡಿಸುವವರು ಹಲವರು. ಒಬ್ಬರು ಓಡಿಸುವಾಗ ಇನ್ನೊಬ್ಬರು ಮಲಗುತ್ತಾರೆ, ಮತ್ತೊಬ್ಬರು ಸುತ್ತುಗಳ ಲೆಕ್ಕ ನೋಡುತ್ತಾರೆ. ಸರದಿ ಮುಗಿದಾಗ ಫಲಕ ತೋರಿಸಿ ಗಾಡಿಯನ್ನು ಒಳಗೆ ಕರೆಯುತ್ತಾರೆ. ಇಳಿದವನು ಹತ್ತುವವನಿಗೆ, "ಮೂರನೆಯ ತಿರುವಿನಲ್ಲಿ ಎಣ್ಣೆ ಚೆಲ್ಲಿದೆ, ಜೋಕೆ" ಎಂದು ಎಚ್ಚರಿಸುತ್ತಾನೆ. ಹಗುರ ಮೈಯವನಿಗೆ ಲಾಭವಾಗಬಾರದೆಂದು ಅವನ ಸರದಿಯಲ್ಲಿ ಗಾಡಿಗೆ ತೂಕದ ತುಂಡುಗಳನ್ನು ಸೇರಿಸುವ ಪದ್ಧತಿಯೂ ಉಂಟು.

ಈಗ ನಾನು ಹೇಳಬೇಕೆಂದ ನಿಯಮಕ್ಕೆ ಬರೋಣ. ಇಂಥ ಅನೇಕ ಓಟಗಳಲ್ಲಿ ತಂಡದ ಪ್ರತಿಯೊಬ್ಬರೂ ಇಂತಿಷ್ಟು ಹೊತ್ತು ಗಾಡಿ ಓಡಿಸಲೇಬೇಕು. ಯಾರೂ ಗೊತ್ತುಪಡಿಸಿದ ಹೊತ್ತಿಗಿಂತ ಹೆಚ್ಚು ಓಡಿಸುವಂತಿಲ್ಲ. ಎಲ್ಲರಿಗಿಂತ ವೇಗದವನನ್ನೇ ಕೂರಿಸಿ ಉಳಿದವರು ಚಪ್ಪಾಳೆ ತಟ್ಟುತ್ತ ನಿಂತರೆ ತಂಡಕ್ಕೆ ದಂಡ ಬೀಳುತ್ತದೆ.

"ಗುರೂಜಿ, ಇದು ಸರಿಯೇ? ನಿಧಾನದವನು ಓಡಿಸಿದರೆ ತಂಡ ಹಿಂದೆ ಬೀಳುವುದಿಲ್ಲವೇ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡಿಯೇ ನೋಡೋಣ. ಒಂದು ಸುತ್ತಿಗೆ ವೇಗದವನಿಗೆ 60 ಸೆಕೆಂಡು, ನಿಧಾನದವನಿಗೆ 62 ಸೆಕೆಂಡು ಬೇಕು ಎಂದುಕೊಳ್ಳಿರಿ. ಒಂದು ಗಂಟೆಯಲ್ಲಿ ಮೊದಲನೆಯವನು 60 ಸುತ್ತು ಹಾಕುತ್ತಾನೆ, ಎರಡನೆಯವನು 58. ಅಂದರೆ ಗಂಟೆಗೆ ಎರಡು ಸುತ್ತು ನಷ್ಟ. ಈ ನಷ್ಟವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ವೇಗದವನೇ ರಾತ್ರಿಯೆಲ್ಲ ಕುಳಿತು, ಬೆಳಗಿನ ಜಾವಕ್ಕೆ ಕಣ್ಣು ಮಂಜಾಗಿ, ಗಾಡಿಯನ್ನು ಟೈರುಗಳ ತಡೆಗೆ ಗುದ್ದಿದನೆನ್ನಿರಿ. ದುರಸ್ತಿಗೆ ಅರ್ಧ ಗಂಟೆ ಹಿಡಿದರೆ 30 ಸುತ್ತು ಹೋದವು! ನಿಧಾನದವನು ಹದಿನೈದು ಗಂಟೆ ಓಡಿಸಿದರೂ ಅದಕ್ಕಿಂತ ಹೆಚ್ಚು ನಷ್ಟವಾಗುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೂ ಒಂದು ಮಾತಿದೆ. ವೇಗದವನು ಈಗಾಗಲೇ ಚೆನ್ನಾಗಿ ಓಡಿಸುತ್ತಾನೆ. ಅವನಿಂದ ಇನ್ನೊಂದು ಸೆಕೆಂಡು ಉಳಿಸುವುದು ಬಹಳ ಕಷ್ಟ. ನಿಧಾನದವನಿಗೆ ಕಲಿಯುವುದು ಇನ್ನೂ ಬೇಕಾದಷ್ಟಿದೆ. ತಿರುವಿಗೆ ಮೊದಲು ಎಲ್ಲಿ ಬ್ರೇಕ್ ಒತ್ತಬೇಕೆಂದು ಗೆಳೆಯ ತೋರಿಸಿಕೊಟ್ಟರೆ ಅವನು ಬೇಗನೆ ಸುಧಾರಿಸುತ್ತಾನೆ. ಎಲ್ಲರೂ ಓಡಿಸಲೇಬೇಕೆಂಬ ನಿಯಮ ಇರುವುದರಿಂದ ಬಲ್ಲವನು ಕಲಿಸಲೇಬೇಕಾಗುತ್ತದೆ, ಅರಿಯದವನು ಕಲಿಯಲೇಬೇಕಾಗುತ್ತದೆ. ನಿಯಮದ ನಿಜವಾದ ಲಾಭ ಇದೇ.

ಇದೆಲ್ಲ ನಮಗೆ ತೀರ ಹೊಸದಲ್ಲ. ನಮ್ಮ ಖೋ-ಖೋ ಆಟವನ್ನು ನೆನೆಯಿರಿ. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಕುಳಿತಿರುತ್ತಾರೆ, ಒಬ್ಬನು ಓಡುತ್ತಾನೆ. ಅವನು ಎಷ್ಟೇ ಚುರುಕಾಗಿದ್ದರೂ ಸರಿಯಾದ ವೇಳೆಗೆ 'ಖೋ' ಕೊಡದಿದ್ದರೆ ಎದುರಾಳಿ ಸಿಗುವುದಿಲ್ಲ. ಕುಳಿತವನೂ ಸಿದ್ಧನಾಗಿರಬೇಕು. ಆಡುವ ಮನಸ್ಸಿಲ್ಲದೆ ಸುಮ್ಮನೆ ಕುಳಿತವನಿಗೆ 'ಖೋ' ಸಿಕ್ಕರೂ ಪ್ರಯೋಜನವಿಲ್ಲ.

ಈಗ ನಮ್ಮ ಶಾಲೆಗಳನ್ನು ನೋಡೋಣ. ಗಡಿಭಾಗದ ಎಷ್ಟೋ ಕನ್ನಡ ಶಾಲೆಗಳಲ್ಲಿ ಪಟಸಂಖ್ಯೆ ಚಿಕ್ಕದು. ಆದರೂ ಆಗಸ್ಟ್ 15 ಬಂತೆಂದರೆ ಭಾಷಣ ಮಾಡುವವಳು ಒಬ್ಬಳೇ. ಸ್ನೇಹ ಸಮ್ಮೇಳನದಲ್ಲಿ ಹಾಡುವವನೂ ಒಬ್ಬನೇ. ವರ್ಗದಲ್ಲಿ ಪಾಠ ಓದಲು ಹೇಳಿದರೆ ಏಳುವ ಕೈಗಳೂ ಎರಡೇ. ಶಿಕ್ಷಕರಾದ ನಾವೂ ಕೆಲಸ ಬೇಗ ಮುಗಿಯಲೆಂದು ಆ ಕೈಗಳನ್ನೇ ನೋಡುತ್ತೇವೆ. ಹೀಗೆ ಆಗಬಾರದು. ಆ ಹುಡುಗಿ ಕಲಿತು ಮುಂದಿನ ಶಾಲೆಗೆ ಹೋಗುತ್ತಾಳೆ. ಆಮೇಲೆ ಶಾಲೆಯ ಮುಂದೆ ನಿಂತು ನಾಲ್ಕು ಮಾತು ಕನ್ನಡದಲ್ಲಿ ಆಡುವವರು ಯಾರು? ಓಡಿಸಬಲ್ಲವನು ಒಬ್ಬನೇ ಇದ್ದರೆ ಅವನು ಇಳಿದ ಕೂಡಲೇ ಗಾಡಿ ನಿಂತುಬಿಡುತ್ತದೆ.

ಆದ್ದರಿಂದ ವರ್ಗದಲ್ಲಿ ಓದುವುದಿರಲಿ, ಪರಿಪಾಠದಲ್ಲಿ ಸುವಿಚಾರ ಹೇಳುವುದಿರಲಿ, ಪ್ರತಿಯೊಬ್ಬರಿಗೂ ಸರದಿ ಇರಬೇಕು. ಸರದಿ ಕೇಳಿದವರಿಗೆ ಮಾತ್ರವಲ್ಲ, ಕೇಳಲು ನಾಚುವವರಿಗೂ ಇರಬೇಕು. "ಹಾಗಾದರೆ ಜಾಣರಿಗೆ ಅನ್ಯಾಯವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಅಲ್ಲ. ಜಾಣರ ಸರದಿಯನ್ನು ಯಾರೂ ಕಸಿದುಕೊಳ್ಳುವುದಿಲ್ಲ. ತಾಲೂಕಿನ ಸ್ಪರ್ಧೆಗೆ ಚೆನ್ನಾಗಿ ಓದುವವರೇ ಹೋಗಲಿ. ಆದರೆ ದಿನದಿನದ ಓದು ಎಲ್ಲರದಾಗಲಿ.

ನಿಧಾನವಾಗಿ ಓದುವ ಮಕ್ಕಳೇ, ನಿಮಗೂ ಒಂದು ಮಾತು. ಕಾರ್ಟ್ ಓಟದಲ್ಲಿ ನೀಲಿ ಬಾವುಟ ತೋರಿಸಿದರೆ, ಹಿಂದಿನಿಂದ ವೇಗದ ಗಾಡಿ ಬರುತ್ತಿದೆ, ದಾರಿ ಬಿಡಿರಿ ಎಂದು ಅರ್ಥ. ದಾರಿ ಬಿಟ್ಟವನು ಓಟದಿಂದ ಹೊರಗೆ ಹೋಗುವುದಿಲ್ಲ. ತನ್ನ ಸುತ್ತನ್ನು ತಾನು ಮುಗಿಸುತ್ತಾನೆ. ಆ ಸುತ್ತೂ ತಂಡದ ಲೆಕ್ಕಕ್ಕೆ ಸೇರುತ್ತದೆ. ನೀವು ತಡವರಿಸಿ ಓದಿದ ಸಾಲೂ ಹಾಗೆಯೇ. ಆದರೆ ಸರದಿ ಸಿಕ್ಕಿತೆಂದು ಸಿದ್ಧತೆ ಇಲ್ಲದೆ ನಿಲ್ಲಬೇಡಿರಿ. ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಬನ್ನಿರಿ. ಚೆನ್ನಾಗಿ ಓದುವವರು ಪಕ್ಕದವನ ತಪ್ಪಿಗೆ ನಗಬೇಡಿರಿ. ಕಷ್ಟದ ಅಕ್ಷರವನ್ನು ಬೆರಳಿಟ್ಟು ತೋರಿಸಿರಿ.

ನಾಳೆ ಈ ಪುಸ್ತಕದ ಪಾಠವೊಂದನ್ನು ಓದುವಾಗ ನಿಮ್ಮ ವರ್ಗದಲ್ಲಿ ಇದುವರೆಗೆ ಒಮ್ಮೆಯೂ ಓದದವರು ಯಾರೆಂದು ನೋಡಿರಿ. ಮೊದಲ ಸರದಿಯನ್ನು ಅವರಿಗೆ ಕೊಡಿರಿ. ಅವರು ಓದಿ ಮುಗಿಸುವವರೆಗೆ ಕಾಯಿರಿ.