ಬೊಂಬೆಗೆ ಗುರುಪೀಠವೇ?

ಬೊಂಬೆಯಿಂದ ಆಚಾರವನ್ನು ಕಲಿಯುವ ದುರ್ಗತಿ ನಮ್ಮ ಮಕ್ಕಳಿಗೆ ಬಂದಿತಲ್ಲಾ ಎಂದು ನಮ್ಮ ಕಿನ್ನಾಳದ ಕಟ್ಟೆಯ ಮೇಲೆ ಹಿರಿಯರೊಬ್ಬರು ಮೊನ್ನೆ ಖೇದಪಟ್ಟರು. ಅವರ ಕೋಪಕ್ಕೆ ಗುರಿಯಾದವಳು ಮೀನಾ ಎಂಬ ಚಿತ್ರಬಾಲಿಕೆ. 'ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನೀವಾದರೂ ಇದನ್ನು ಖಂಡಿಸಿ ಬರೆಯಿರಿ' ಎಂದು ನನ್ನನ್ನು ಪ್ರಚೋದಿಸಿದರು. ಬರೆಯುತ್ತೇನೆ, ಆದರೆ ಖಂಡನೆಯು ಅವರ ಪಕ್ಷಕ್ಕೆ.

ಈ ಮೀನಾಳನ್ನು ೧೯೯೦ರ ದಶಕದಲ್ಲಿ ಯುನಿಸೆಫ್ ಸಂಸ್ಥೆಯು ದಕ್ಷಿಣ ಏಷ್ಯದ ಹೆಣ್ಣುಮಕ್ಕಳ ನಿಮಿತ್ತವಾಗಿ ಸೃಜಿಸಿತು. ರೂಪುಗೊಟ್ಟವರು ನಮ್ಮ ದೇಶದವರೇ ಆದ ರಾಮಮೋಹನರು. ಸೋದರ ರಾಜು, ಗಿಳಿ ಮಿಠ್ಠು ಅವಳ ಸಂಗಡಿಗರು. ಒಂದು ಕಥೆಯಲ್ಲಿ, ಕನಸಿನೊಳಗೆ ಮಾಯಾದೀಪದ ಭೂತವು ಪ್ರತ್ಯಕ್ಷವಾಗಲು, ಅವಳು ಹೊನ್ನನ್ನು ಬೇಡುವುದಿಲ್ಲ. ಎಲ್ಲರೂ ಶೌಚಗೃಹವನ್ನು ಬಳಸಲಿ, ಶುದ್ಧವಾದ ನೀರನ್ನು ಕುಡಿಯಲಿ, ಕೈ ತೊಳೆಯಲಿ. ಇವೇ ಅವಳ ಮೂರು ವರಗಳು. ಇದರಲ್ಲಿ ಧರ್ಮವಿರುದ್ಧವಾದುದು ಯಾವುದೆಂದು ಆ ಮಹನೀಯರೇ ತಿಳಿಸಬೇಕು.

ಪಂಚತಂತ್ರದಲ್ಲಿ ರಾಜಪುತ್ರರು ನೀತಿಯನ್ನು ಕಲಿತುದು ನರಿ, ಕಾಗೆ, ಆಮೆಗಳ ಬಾಯಿಂದಲ್ಲವೇ? ವಸುಭಾಗಭಟ್ಟನ ಪಾಠವನ್ನನುಸರಿಸಿ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಅದನ್ನು ಕನ್ನಡಕ್ಕೆ ತಂದನು. ನರಿಗೆ ಸಲ್ಲುವ ಪೀಠವು ಬಾಲಿಕೆಗೆ ಸಲ್ಲದೇ? ಹುಣಸೆಬೀಜದ ಅಂಟು, ಮರದ ಹೊಟ್ಟುಗಳನ್ನು ಮೆತ್ತಿ ನಮ್ಮ ಚಿತ್ರಗಾರರು ಮಾಡಿದ ಗರುಡನಿಗೆ ಕೈಮುಗಿಯುವ ಈ ಊರಿನಲ್ಲಿ ಬೊಂಬೆಯನ್ನು ಹಳಿಯುವುದಂತೂ ಪರಮ ಸೋಜಿಗ!

ಮೂವತ್ತು ವರ್ಷ ನಾನೂ ಶೌಚಾಚಾರವನ್ನು ಬೋಧಿಸಿದೆನು. ಹುಡುಗರು ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿ, ಮಣ್ಣುಗೈಯಿಂದಲೇ ಬುತ್ತಿ ಬಿಚ್ಚುತ್ತಿದ್ದರು. ಬೆತ್ತವನ್ನೂ ಪ್ರಯೋಗಿಸಿದೆನು. ದೋಷವು ಅವರದಲ್ಲ, ನಾನು ಹೇಳಿದೆನೇ ಹೊರತು ಒಂದು ದಿನವೂ ಅವರೊಡನೆ ನಿಂತು ಕೈ ತೊಳೆಯಲಿಲ್ಲ.

ಇನ್ನೊಂದು ಕಥೆ ನನ್ನನ್ನು ಹೆಚ್ಚು ನಾಚಿಸಿತು. ಮಾವಿನ ಹಣ್ಣಿನ ದೊಡ್ಡ ಪಾಲು ರಾಜುವಿಗೆ, ಚಿಕ್ಕದು ಮೀನಾಳಿಗೆ. ಒಂದು ದಿನ ಇಬ್ಬರೂ ಕೆಲಸಗಳನ್ನು ಅದಲುಬದಲು ಮಾಡಿಕೊಂಡಾಗ ಅವಳ ದುಡಿಮೆ ಎಷ್ಟೆಂಬುದು ರಾಜುವಿಗೆ ತಿಳಿಯುತ್ತದೆ. ಅದನ್ನು ನೋಡುತ್ತ ಕುಳಿತಿದ್ದ ಮೊಮ್ಮಗಳು, "ಅಜ್ಜಾ, ನಮ್ಮವ್ವಗೂ ಹಿಂಗ ಮಾಡತಿದ್ರೇನ?" ಎಂದಳು. ಮಾಡುತ್ತಿದ್ದೆವು. ಬೆಣ್ಣೆಯು ಮಗನ ರೊಟ್ಟಿಗೆ; ಮಗಳು ತಾಯಿಯೊಡನೆ ಕಡೆಗೆ ಕುಳಿತು ಉಳಿದುದನ್ನು ಉಂಡಳು. ಧರ್ಮಶಾಸ್ತ್ರವನ್ನು ಓದಿದ್ದ ನನಗೆ ಅದರಲ್ಲಿ ಅಧರ್ಮವು ಕಾಣಲಿಲ್ಲ. ಕೂಸಿಗೆ ಉತ್ತರ ಕೊಡಲಾರದೆ ಎದ್ದುಹೋದೆನು.

ಪೆಟ್ಟಿಗೆಯ ಮುಂದೆ ಮಕ್ಕಳು ಹೊತ್ತುಗಳೆಯುವರೆಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಆದರೆ ಆ ದೂಷಣೆಯು ಮಿಠಾಯಿ ಮಾರುವ ಜಾಹೀರಾತುಗಳಿಗೆ ಸಲ್ಲತಕ್ಕದ್ದು.

ಆದುದರಿಂದ ನನ್ನದೊಂದು ಸೂಚನೆ. ನಮ್ಮ ಚಿತ್ರಗಾರರು ತಂಬಿಗೆ ಹಿಡಿದ ಮೀನಾಳ ಬೊಂಬೆಯೊಂದನ್ನು ಮಾಡಿ, ಶಾಲೆಯ ನಳದ ಪಕ್ಕದಲ್ಲಿ ನಿಲ್ಲಿಸಲಿ. ಅದರ ಕೂಲಿಯನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. ನಳದಲ್ಲಿ ನಿತ್ಯ ನೀರು ಬರುವಂತೆ ಮಾಡುವ ಹೊಣೆಯನ್ನು ಕಟ್ಟೆಯ ಮೇಲಿನ ಆ ಹಿರಿಯರು ವಹಿಸಿಕೊಳ್ಳಲಿ.