ಕ್ಲಚ್ ಬದಲಿಸುವ ಮುನ್ನ ಎಡಗಾಲನ್ನು ಕೇಳಿ

“ಗೇರ್ ಬಾಕ್ಸ್ ಹೇಗೂ ಇಳೀತದೆ, ಲೇಬರ್ ಅಷ್ಟೇ ಬೀಳೋದು, ಹೆವಿ ಡ್ಯೂಟಿ ಸೆಟ್ಟೇ ಹಾಕಿಸಿಬಿಡಿ.” ಮೂಡಿಗೆರೆ ಕಡೆ ಜೀಪು ಇಟ್ಟುಕೊಂಡವರಿಗೆ ಗ್ಯಾರೇಜಿನಲ್ಲಿ ಒಂದಲ್ಲ ಒಂದು ದಿನ ಈ ಸಲಹೆ ಸಿಕ್ಕೇ ಸಿಗುತ್ತದೆ. ಇದರಲ್ಲಿ ಅರ್ಧ ನಿಜ. ಕ್ಲಚ್ ಪ್ಲೇಟ್ ಕಣ್ಣಿಗೆ ಬೀಳಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗೇರ್ ಬಾಕ್ಸನ್ನೂ ಅದರ ಹಿಂದಿನ ಟ್ರಾನ್ಸ್‌ಫರ್ ಕೇಸನ್ನೂ ಇಳಿಸಬೇಕು. ಒಳಗೆ ಯಾವ ಪ್ಲೇಟ್ ಕೂರಿಸಿದರೂ ಕೂಲಿ ಒಂದೇ. ಆದರೆ ಬಿಚ್ಚಿದ್ದಾಗಿದೆ ಎಂಬ ಕಾರಣಕ್ಕೆ ಬಿರುಸಾದದ್ದನ್ನೇ ಹಾಕಬೇಕು ಎಂಬ ಉಳಿದರ್ಧಕ್ಕೆ ನನ್ನ ಒಪ್ಪಿಗೆಯಿಲ್ಲ.

ನಮ್ಮ ತೋಟದ್ದು ಹಳೆಯ ಮಾದರಿಯ ಥಾರ್, 2.5 ಲೀಟರ್‌ನ ಸಿಆರ್‌ಡಿಇ. ಗೊಬ್ಬರದ ಮೂಟೆ, ಕೊಯ್ಲಿನ ಕಾಲದಲ್ಲಿ ಹಣ್ಣಿನ ಚೀಲ, ನಡುನಡುವೆ ಸೌದೆ, ಸ್ಪ್ರಿಂಕ್ಲರ್ ಪೈಪು, ಆಳುಗಳು ಎಲ್ಲ ಅದರ ಮೇಲೇ. ಹಳ್ಳದ ಬದಿಯ ರೋಬಸ್ಟಾ ತುಂಡಿನಿಂದ ಕಣಕ್ಕೆ ಬರುವ ಏರಿನಲ್ಲಿ ಮಳೆ ಹಿಡಿದರೆ ಜೇಡಿಮಣ್ಣು ಬೆಣ್ಣೆಯಾಗುತ್ತದೆ. ವರ್ಷಗಟ್ಟಲೆ ಇಷ್ಟು ದುಡಿದ ಪ್ಲೇಟ್ ಸವೆಯುವುದು ಸಹಜ, ಅದಕ್ಕೆ ಯಾರ ಮೇಲೂ ದೂರಿಲ್ಲ. ಹೊಸದು ಹಾಕಲೇಬೇಕಿತ್ತು, ಯಾವುದು ಎಂಬುದಷ್ಟೇ ಪ್ರಶ್ನೆ.

ಬೆಂಗಳೂರಿನಲ್ಲಿರುವ ಮೈದುನನ ಮಗ ಫೋನಿನಲ್ಲೇ ತೀರ್ಪು ಕೊಟ್ಟ. “ದೊಡ್ಡಮ್ಮ, ಸೆರಾಮಿಕ್ ಬಟನ್ ಹಾಕ್ಸಿ. ನನ್ನ ಗಾಡೀಲಿ ಅದೇ ಇರೋದು, ಬಂಡೆ ಥರ ಹಿಡಿಯುತ್ತೆ.” ಅವನದು 2020ರ ನಂತರದ ಹೊಸ ಥಾರ್, ಡೀಸೆಲ್. ಕಾರ್ಖಾನೆಯಿಂದ ಬರುವಾಗ ಅದರ ಟಾರ್ಕ್ 300 ನ್ಯೂಟನ್ ಮೀಟರ್. ಇವನು ಇಸಿಯು ರೀಮ್ಯಾಪ್ ಮಾಡಿಸಿ ಅದನ್ನು ಇನ್ನೂ ಏರಿಸಿದ್ದಾನೆ, 33 ಇಂಚಿನ ಟೈರ್ ಹಾಕಿಸಿದ್ದಾನೆ, ರಜೆ ಬಂದರೆ ಕೆಸರು ಹುಡುಕಿಕೊಂಡು ಹೊರಡುತ್ತಾನೆ. ಅವನ ಲೆಕ್ಕ ಅವನಿಗೆ ಸರಿ. ಗಾಡಿ ತಯಾರಿಸುವವರು ಎಂಜಿನ್ನಿನ ಗರಿಷ್ಠ ಟಾರ್ಕ್‌ಗಿಂತ ಸ್ವಲ್ಪ ಹೆಚ್ಚನ್ನೇ ತಾಳುವಂತೆ ಕ್ಲಚ್ ಮಾಡಿರುತ್ತಾರೆ. ರೀಮ್ಯಾಪ್ ಆ ಮಿಗುತಾಯವನ್ನು ತಿಂದುಹಾಕಿದ ಮೇಲೆ ಮೂಲ ಪ್ಲೇಟ್ ಸ್ಲಿಪ್ ಹೊಡೆಯುತ್ತದೆ. ಎಂಜಿನ್ನಿನ ಬಲ ಹೆಚ್ಚಿಸಿದವರು ಕ್ಲಚ್ಚನ್ನೂ ಬಲಪಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ನಮ್ಮ ಜೀಪಿನ 247 ನ್ಯೂಟನ್ ಮೀಟರ್ ಮಾತ್ರ ಇದ್ದಷ್ಟೇ ಇದೆ, ಟೈರೂ ಮೂಲ ಅಳತೆಯದೇ. ಇಂಥ ಗಾಡಿಗೆ ಬಿರುಸಿನ ಕ್ಲಚ್ ಏತಕ್ಕೆ? “ಏರಿನಲ್ಲಿ ವಾಸನೆ ಬರ್ತದಲ್ಲ” ಎನ್ನುತ್ತಾರೆ. ಸುಟ್ಟ ವಾಸನೆ ಬರುವುದು ಪ್ಲೇಟ್ ಬಡವಾಗಿದೆ ಎಂದೇ ಅಲ್ಲ, ಹೆಚ್ಚು ಹೊತ್ತು ಜಾರುತ್ತಿದೆ ಎಂದು. ಹೈ ರೇಂಜಿನ ಒಂದನೇ ಗೇರಿನಲ್ಲಿ, ತುಂಬಿದ ಟ್ರೇಲರ್ ಕಟ್ಟಿಕೊಂಡು, ಹಾಫ್ ಕ್ಲಚ್ಚಿನಲ್ಲಿ ಏರು ಹತ್ತಿಸಿದರೆ ಎಂಥ ಪ್ಲೇಟೂ ಕಾಯುತ್ತದೆ. ಅದಕ್ಕೆಂದೇ ಗೇರಿನ ಪಕ್ಕ ಇನ್ನೊಂದು ಲಿವರ್ ಕೊಟ್ಟಿದ್ದಾರೆ. ಥಾರ್‌ನ ಲೋ ರೇಂಜ್ ಅನುಪಾತ 2.48. ಎಂದರೆ, ಚಕ್ರಕ್ಕೆ ಅಷ್ಟೇ ಎಳೆತ ಸಿಗಲು ಕ್ಲಚ್ ದಾಟಿಸಬೇಕಾದ ಬಲ ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಡಾಂಬರಿನ ಮೇಲೆ ಫೋರ್ ವೀಲ್ ಲೋ ಹಾಕಬಾರದು, ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಬಿಗಿತ ಬರುತ್ತದೆ. ಕೆಸರಿನ ಏರಿನಲ್ಲಿ ಹಾಕದಿದ್ದರೆ ಮಾತ್ರ ಅದು ಇದ್ದೂ ಇಲ್ಲದಂತೆ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಬಾಡಿಗೆ ಜೀಪಿನಲ್ಲಿ ಹೋದವರು ಪಳಗಿದ ಚಾಲಕನ ಕಾಲನ್ನು ಗಮನಿಸಲಿ. ಏರು ಶುರುವಾಗುವ ಮೊದಲೇ ಲೋ ಬಿದ್ದಿರುತ್ತದೆ, ಹತ್ತುವಾಗ ಎಡಗಾಲು ಪೆಡಲಿನ ಹತ್ತಿರವೂ ಇರುವುದಿಲ್ಲ.

ಕ್ಲಚ್ಚಿನ ಎಲ್ಲ ಕಾಯಿಲೆಗೂ ಹೆವಿ ಸೆಟ್ ಮದ್ದಲ್ಲ ಎಂಬುದೂ ನೆನಪಿರಲಿ. ಮೂರನೇ ಗೇರಿನಲ್ಲಿ ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಅದು ಸ್ಲಿಪ್. ಗೇರ್ ಬೀಳುವಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಆಗ ನೋಡಬೇಕಾದ್ದು ಕ್ಲಚ್ಚಿನ ಸಿಲಿಂಡರ್, ಆಯಿಲ್, ಪೈಪುಗಳನ್ನು. ಕ್ರ್ಯಾಂಕಿನ ಹಿಂದಿನ ಸೀಲೋ ಗೇರ್ ಬಾಕ್ಸಿನ ಮುಂದಿನ ಸೀಲೋ ಸೋರಿ ಪ್ಲೇಟಿಗೆ ಎಣ್ಣೆ ತಾಗಿದ್ದರೆ, ಹೊಸ ಪ್ಲೇಟ್ ಎಷ್ಟೇ ದುಬಾರಿಯದಾದರೂ ಮತ್ತೆ ಜಾರುತ್ತದೆ. ಪೆಡಲಿಗೆ ಫ್ರೀ ಪ್ಲೇ ಇಲ್ಲದಿದ್ದರೂ ಇದೇ ಗತಿ.

ಬಿರುಸಿನ ಕ್ಲಚ್ಚಿಗೆ ತನ್ನದೇ ಬೆಲೆಯುಂಟು, ಅದು ಬಿಲ್ಲಿನಲ್ಲಿ ಕಾಣುವುದಿಲ್ಲ. ಸೆರಾಮಿಕ್ ಬಟನ್ ಶಾಖ ತಾಳುತ್ತದೆ, ನಿಜ. ಆದರೆ ಹಿಡಿಯುವುದು ಒಂದೇಟಿಗೆ. ಒದ್ದೆ ಏರಿನಲ್ಲಿ ಆ ಏಟಿಗೆ ಟೈರ್ ತಿರುಗಿ ನಿಂತಲ್ಲೇ ಗುಂಡಿ ತೋಡುತ್ತದೆ. ಕಾಫಿಗಿಡಗಳ ನಡುವೆ ಗೇಣು ಗೇಣಾಗಿ ರಿವರ್ಸ್ ತೆಗೆಯುವಾಗ ಗಾಡಿ ಜಿಗಿಯುತ್ತದೆ. ಇದಕ್ಕಿಂತ ದೊಡ್ಡ ಮಾತೆಂದರೆ, ಮೂಲ ಕ್ಲಚ್ ಮನೆಯ ಫ್ಯೂಸಿನ ಹಾಗೆ. ಮಿತಿ ಮೀರಿದಾಗ ತಾನು ಜಾರಿ ಉಳಿದದ್ದನ್ನು ಕಾಯುತ್ತದೆ. ಅದು ಜಾರದಂತೆ ಮಾಡಿದರೆ ಆ ಏಟು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಆಕ್ಸಲ್ಲಿಗೆ, ಡಿಫರೆನ್ಷಿಯಲ್ಲಿನ ಹಲ್ಲುಗಳಿಗೆ ಹೋಗುತ್ತದೆ. ಪ್ಲೇಟ್ ಸುಟ್ಟ ಜೀಪನ್ನು ತಣಿಸಿಕೊಂಡು ಹೇಗೋ ಮನೆ ಮುಟ್ಟಿಸಬಹುದು. ಆಕ್ಸಲ್ ಮುರಿದದ್ದನ್ನು ಹಳ್ಳದಿಂದ ಎಳೆಸಬೇಕು.

ಇನ್ನೊಂದು ಸಂಗತಿಯನ್ನು ಗ್ಯಾರೇಜಿನಲ್ಲಿ ಯಾರೂ ಕೇಳುವುದಿಲ್ಲ: ಪೆಡಲ್ ತುಳಿಯುವ ಕಾಲು ಯಾರದು? ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬಿರುಸಾದಷ್ಟೂ ಸಾಮಾನ್ಯವಾಗಿ ಪೆಡಲ್ ಗಟ್ಟಿಯಾಗುತ್ತದೆ. ಮೈದುನನ ಮಗ ರಜೆಯಲ್ಲಿ ನಾಲ್ಕು ಗಂಟೆ ತುಳಿದು ಖುಷಿಪಡುತ್ತಾನೆ. ನಮ್ಮ ಡ್ರೈವರ್ ಕೊಯ್ಲಿನ ದಿನಗಳಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ತುಳಿಯಬೇಕು. ಅವರನ್ನೇ ಕೇಳಿದೆ. “ಅಮ್ಮಾವ್ರೇ, ಪೇಟೇಲಿ ಒಂದು ಗಾಡಿಗೆ ಅದನ್ನ ಹಾಕ್ಸಿದಾರೆ, ಓಡ್ಸಿ ನೋಡಿದೀನಿ. ಸಂಜೆಗೆ ಮಂಡಿ ಮಡಚೋಕಾಗಲ್ಲ” ಎಂದರು. ತೋಟಗಳಲ್ಲಿ ಗಾಡಿಯ ಅಪ್‌ಗ್ರೇಡ್ ತೀರ್ಮಾನಿಸುವವರು ಮಾಲೀಕರು, ಅನುಭವಿಸುವವರು ಚಾಲಕರು. ನಾವು ಮಾಲೀಕರು ಪ್ರತಿಷ್ಠೆಗೆಂದು ಕೊಳ್ಳುವ ಬಿರುಸು ಇನ್ನೊಬ್ಬರ ಮೊಣಕಾಲಿನ ನೋವಾಗುವುದು ನ್ಯಾಯವಲ್ಲ.

ಆದ್ದರಿಂದ ಎಂಜಿನ್ ಮುಟ್ಟದ, ದೊಡ್ಡ ಟೈರ್ ಹಾಕದ, ಸ್ಪರ್ಧೆಗೆ ಇಳಿಯದ ಗಾಡಿಗೆ ಮೂಲ ದರ್ಜೆಯ ಕ್ಲಚ್ಚೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟೈರ್ ಮಾತ್ರ ದೊಡ್ಡದು ಮಾಡಿದವರೂ ಅವಸರಪಡಬೇಕಿಲ್ಲ: 29 ಇಂಚಿನ ಜಾಗಕ್ಕೆ 31 ಇಂಚಿನದು ಬಂದರೆ ಗೇರ್ ನೂರಕ್ಕೆ ಏಳರಷ್ಟು ಭಾರವಾಗುತ್ತದೆ, ಅದನ್ನು ಲೋ ರೇಂಜ್ ಧಾರಾಳವಾಗಿ ತುಂಬಿಕೊಡುತ್ತದೆ. ಆದರೆ ಗೇರ್ ಬಾಕ್ಸ್ ಇಳಿದಿರುವಾಗ ಜಿಪುಣತನ ಬೇಡ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ, ಸೀಲ್‌ಗಳನ್ನು ಹೊಸದು ಮಾಡಿಸಿ, ಫ್ಲೈವೀಲಿನ ಮುಖ ನೋಡಿಸಿ. “ಹೇಗೂ ಇಳೀತದೆ” ಎಂಬ ಮಾತು ನಿಜಕ್ಕೂ ಅನ್ವಯಿಸುವುದು ಇವುಗಳಿಗೆ.

ನಾವು ಮಾಡಿಸಿದ್ದೂ ಅಷ್ಟೇ. ಹೆವಿ ಸೆಟ್ಟಿಗೆ ಹೋಗಬೇಕಿದ್ದ ಹೆಚ್ಚಿನ ದುಡ್ಡಿನಲ್ಲಿ ಕಣದ ಏರಿನ ಕೆಟ್ಟ ತಿರುವಿಗೆ ಕಲ್ಲು ಹಾಸಿಸಿ, ಮೇಲ್ಬದಿಯಲ್ಲಿ ನೀರು ಸರಿಯಲು ಚರಂಡಿ ತೆಗೆಸಿದೆವು. ಎಲ್ಲಿ ಹಾಸಬೇಕೆಂದು ತೋರಿಸಿದವರು ಡ್ರೈವರೇ. ಗಾಡಿ ಎಲ್ಲಿ ಸೋಲುತ್ತದೆಂದು ಗೊತ್ತಿರುವುದು ಅವರಿಗೆ, ಮುಂದಿನ ಸಲ ಕ್ಲಚ್ ಯಾವುದಿರಬೇಕೆಂದು ಹೇಳುವವರೂ ಅವರೇ.