ಉಪಕರಣದ ಆರೈಕೆಯೂ ಕಾಯಕವೇ



ಸೊನ್ನಲಿಗೆಯ ಸಿದ್ಧರಾಮೇಶ್ವರರ ಹೆಸರು ಕೆರೆಯೊಡನೆ ಬೆರೆತುಹೋಗಿದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅವರನ್ನು ಅರಸಿ ಬರುವುದೂ ಕೆರೆಯ ಕೆಲಸ ನಡೆದಿರುವ ಸ್ಥಳಕ್ಕೇ. ಹನ್ನೆರಡನೆಯ ಶತಮಾನದ ಆ ಕಾರ್ಯದಲ್ಲಿ ಮಣ್ಣನ್ನು ಅಗೆದದ್ದು ಗುದ್ದಲಿ, ಹೊತ್ತದ್ದು ಬುಟ್ಟಿ. ಇಂದು ಬಯಲುಸೀಮೆಯಲ್ಲಿ ಬೇಸಿಗೆ ಬಂದು ಕೆರೆಯಂಗಳ ಒಣಗಿದೊಡನೆ ಹೂಳೆತ್ತಲು ಇಳಿಯುವುದು ಭಾರೀ ಯಂತ್ರ. ಜನರು ಗಾಲಿಯದನ್ನು ಜೆಸಿಬಿ ಎಂದೂ ಸರಪಳಿ ಪಟ್ಟಿಯ ಮೇಲೆ ಚಲಿಸುವುದನ್ನು ಹಿಟಾಚಿ ಎಂದೂ ಕರೆಯುತ್ತಾರೆ. ಕೆರೆ ತುಂಬಿದಾಗ ಬಾಗಿನ ಅರ್ಪಣೆಯಾಗುತ್ತದೆ, ದಾನಿಗಳಿಗೆ ಸನ್ಮಾನವಾಗುತ್ತದೆ. ಯಂತ್ರದ ಕೀಲುಗಳಿಗೆ ಪ್ರತಿದಿನ ಗ್ರೀಸು ತುಂಬಿದವನ ಹೆಸರು ಆ ವೇದಿಕೆಯಲ್ಲಿ ಕೇಳಿಬರುವುದಿಲ್ಲ. ಕಾಯಕತತ್ತ್ವವನ್ನು ಒಪ್ಪಿದ ಸಮಾಜ ಈ ಮರೆವನ್ನು ಕುರಿತು ಆಲೋಚಿಸಬೇಕಾಗಿದೆ.

ಕಾಯಕವನ್ನು ಕೈಲಾಸವೆಂದು ಸಾರಿದ ಮಾತು ಬಸವಣ್ಣನವರದೆಂದೇ ಅನೇಕರು ತಿಳಿದಿದ್ದಾರೆ. ಆ ನುಡಿ ದೊರೆಯುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಅದರ ವ್ಯಾಖ್ಯಾನಗಳಲ್ಲಿ ದುಡಿಮೆಯ ಘನತೆ ವಿವರವಾಗಿ ಬರುತ್ತದೆ, ದುಡಿಮೆಗೆ ನೆರವಾದ ಉಪಕರಣದ ಪ್ರಸ್ತಾಪ ವಿರಳ. ಆದರೆ ಶರಣರ ಹೆಸರುಗಳೇ ಬೇರೊಂದನ್ನು ಹೇಳುತ್ತವೆ. ಬಾಚಿಕಾಯಕದ ಬಸವಣ್ಣನವರ ಹೆಸರಿನಲ್ಲಿ ಬಡಗಿಯ ಬಾಚಿಯಿದೆ, ಗಾಣದ ಕಣ್ಣಪ್ಪನವರ ಹೆಸರಿನಲ್ಲಿ ಗಾಣವಿದೆ. ಬಾಚಿಯನ್ನು ಹಿಡಿದವನು ಅದನ್ನು ಮಸೆಯಲೂ ಬೇಕು. ಮಸೆಯುವ ಹೊತ್ತು ಕಾಯಕದ ಹೊತ್ತಲ್ಲವೆಂದು ಯಾವ ಬಡಗಿಯೂ ಹೇಳಲಾರ.

ಗುದ್ದಲಿಗೆ ಒಂದು ಕಾವು, ಒಂದು ಅಲಗು. ಅದರ ಆರೈಕೆ ಸುಲಭ. ಅಗೆಯುವ ಯಂತ್ರದ ಸ್ಥಿತಿ ಬೇರೆ. ಬಕೆಟ್ಟು ಮತ್ತು ತೋಳುಗಳು ಕೂಡುವ ಪ್ರತಿಯೊಂದು ಕೀಲಿನಲ್ಲೂ ಪಿನ್ನು ಮತ್ತು ಬುಷ್‌ಗಳಿವೆ. ಅವುಗಳ ನಡುವೆ ಗ್ರೀಸು ಇಲ್ಲದಿದ್ದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಕೀಲು ಸಡಿಲಾಗಿ ಬಕೆಟ್ಟು ಅಲುಗಾಡತೊಡಗುತ್ತದೆ. ಹೈಡ್ರಾಲಿಕ್ ಎಣ್ಣೆ ಹರಿಯುವ ಪಂಪು, ವಾಲ್ವುಗಳ ಒಳಗಿನ ಬಿಗಿಯಾದ ತೆರಪು ಕೆಲವೇ ಮೈಕ್ರಾನುಗಳಷ್ಟು. ಒಂದು ಮಿಲಿಮೀಟರಿಗೆ 1,000 ಮೈಕ್ರಾನು. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಗೀರು ಹಾಕಬಲ್ಲದು. ಎಂಜಿನ್ ಎಣ್ಣೆಯನ್ನು ಯಂತ್ರದ ಮಾದರಿಗೆ ತಕ್ಕಂತೆ ಸಾಮಾನ್ಯವಾಗಿ 250 ಅಥವಾ 500 ಗಂಟೆಗಳಿಗೊಮ್ಮೆ ಬದಲಿಸಬೇಕು. ಎರೆಮಣ್ಣಿನ ಧೂಳೆದ್ದ ಕೆರೆಯಂಗಳದಲ್ಲಿ ಗಾಳಿಯ ಫಿಲ್ಟರನ್ನು ಮರೆಯುವಂತೆಯೇ ಇಲ್ಲ.

ಇಷ್ಟು ಜಾಗರೂಕತೆ ವಹಿಸಿದರೂ ಯಂತ್ರ ಹಟ ಮಾಡುವ ದಿನಗಳಿರುತ್ತವೆ. ತುಕ್ಕು ಹಿಡಿದ ಪಿನ್ನು ಸುತ್ತಿಗೆಯ ಪೆಟ್ಟಿಗೂ ಜಗ್ಗದೆ ಅರ್ಧ ದಿನವನ್ನು ನುಂಗುತ್ತದೆ. ಬೆರಳಿನ ಉಂಗುರದಷ್ಟಿರುವ ರಬ್ಬರ್ ಸೀಲೊಂದು ಹರಿದರೆ ಹಲವು ಟನ್ ತೂಕದ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ನಗರದಿಂದ ಬರಬೇಕಾದ ಬಿಡಿಭಾಗಕ್ಕಾಗಿ ದಿನಗಟ್ಟಲೆ ಕಾಯಬೇಕಾಗುತ್ತದೆ. ಬಂದದ್ದು ನಕಲಿ ಮಾಲಾಗಿದ್ದರೆ ಕಳಚಿದ್ದನ್ನೇ ಮತ್ತೆ ಕಳಚಬೇಕು. ಅತ್ತ ಯಜಮಾನನ ದೂರವಾಣಿ ಕರೆ, ಇತ್ತ ಹೂಳು ಒಯ್ಯಲು ಟ್ರ್ಯಾಕ್ಟರು ತಂದು ಕಾದು ನಿಂತ ರೈತರ ಗೊಣಗಾಟ. ಆದರೂ ಈ ಕಾಯಕಕ್ಕೆ ತನ್ನದೇ ಆದ ಸಂತೋಷಗಳಿವೆ. ಡೀಸೆಲ್ ಕೊಳವೆಗೆ ಗಾಳಿ ಹೊಕ್ಕು ಎಂಜಿನ್ ನಿಂತಾಗ, ಕೈಪಂಪು ಒತ್ತುತ್ತ ಒತ್ತುತ್ತ ನೊರೆ ಅಡಗಿ ಶುದ್ಧ ಡೀಸೆಲ್ ಜಿನುಗುವ ಕ್ಷಣ ಅಂಥದೊಂದು. ರಾತ್ರಿಯೆಲ್ಲ ತಾನಾಗಿ ಕುಸಿಯುತ್ತಿದ್ದ ತೋಳಿನ ಸಿಲಿಂಡರಿಗೆ ಹೊಸ ಸೀಲು ಕೂರಿಸಿ, ಎತ್ತಿದ ತೋಳು ಎತ್ತಿದ ಎತ್ತರದಲ್ಲೇ ನಿಂತದ್ದನ್ನು ಕಾಣುವುದು ಇನ್ನೊಂದು. ಆ ಗೆಲುವಿಗೆ ಚಪ್ಪಾಳೆಯಿಲ್ಲ. ಮಾಡಿದವನಿಗೆ ಮಾತ್ರ ಅದರ ಅರಿವು.

ಯಂತ್ರಕ್ಕೆ ಗೌರವ ಸಲ್ಲುತ್ತಿಲ್ಲವೇ, ಆಯುಧಪೂಜೆಯಂದು ಹೂವಿನ ಹಾರ ಹಾಕಿ ಕುಂಬಳಕಾಯಿ ಒಡೆಯುವುದಿಲ್ಲವೇ ಎಂದು ಕೇಳಬಹುದು. ಆ ಹಬ್ಬದ ಸಂಭ್ರಮವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಲಿಂಗಾಯತ ಧರ್ಮದಲ್ಲಿ ಇಷ್ಟಲಿಂಗಪೂಜೆ ವರ್ಷಕ್ಕೊಮ್ಮೆ ಬರುವ ಉತ್ಸವವಲ್ಲ, ಅದು ನಿತ್ಯದ ನೇಮ. ಅಂಗೈಯಲ್ಲಿ ಲಿಂಗವನ್ನು ಹಿಡಿದು ಪ್ರತಿದಿನ ಪೂಜಿಸುವವನಿಗೆ ಉಪಕರಣದ ಮೇಲಣ ಗೌರವವೂ ಪ್ರತಿದಿನದ್ದೇ ಆಗಿರಬೇಕೆಂಬುದನ್ನು ಬೇರೆಯಾಗಿ ಬೋಧಿಸಬೇಕಿಲ್ಲ. ಒಂದು ದಿನ ಹಾರ ಹಾಕಿ ಉಳಿದ ದಿನಗಳಲ್ಲಿ ಗ್ರೀಸು ಕಾಣಿಸದ ಯಂತ್ರಕ್ಕೆ ಸಂದದ್ದು ಅಲಂಕಾರವಷ್ಟೆ.

ನೇಮ ತಪ್ಪುವುದಕ್ಕೆ ಮುಖ್ಯ ಕಾರಣ ಸೋಮಾರಿತನವಲ್ಲ, ಗಂಟೆಯ ಲೆಕ್ಕ. ಯಂತ್ರದ ಬಾಡಿಗೆ ಗಂಟೆಗೆ ಇಷ್ಟೆಂದು ನಿಗದಿಯಾಗಿರುತ್ತದೆ; ಮಳೆಗಾಲಕ್ಕೆ ಮುನ್ನ ಕೆಲಸ ಮುಗಿಯಬೇಕೆಂಬ ಅವಸರವೂ ಇರುತ್ತದೆ. ಎಣ್ಣೆ ಬದಲಿಸಲು ನಿಲ್ಲಿಸಿದ ಹೊತ್ತು ನಷ್ಟದ ಹೊತ್ತೆಂದು ಕಂಡು, ಇನ್ನೂ ಐವತ್ತು ಗಂಟೆ ಓಡಲಿ ಎಂಬ ಆಸೆ ಹುಟ್ಟುತ್ತದೆ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯನವರು ಒಮ್ಮೆ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಅದು ಆಸೆಯ ಫಲವೆಂದು ಎಚ್ಚರಿಸಿ ಮರಳಿಸಿಬರಲು ಹೇಳಿದ ಮಹಾಶರಣೆ ಅವರು. ಆರೈಕೆಯನ್ನು ಮುಂದೂಡಿ ಗಳಿಸಿದ ಗಂಟೆಗಳು ಆ ಹೆಚ್ಚಿನ ಅಕ್ಕಿಯಂತೆಯೇ. ಅವನ್ನು ಮರಳಿಸಲೇಬೇಕಾಗುತ್ತದೆ, ಸವೆದ ಎಂಜಿನ್ನಿನ ದುರಸ್ತಿಯ ಬೆಲೆಯಾಗಿ.

ಕೆಲವೊಮ್ಮೆ ಆ ಬೆಲೆಯನ್ನು ತೆರುವುದು ಮನುಷ್ಯನ ದೇಹ. ಇಂಥ ಯಂತ್ರಗಳಲ್ಲಿ ಎಣ್ಣೆಯ ಒತ್ತಡ 200 ಬಾರ್ ಮೀರುವುದುಂಟು. ಕಾರಿನ ಚಕ್ರದ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ಅದು ಸುಮಾರು ನೂರು ಪಟ್ಟು. ಹಳೆಯ ಹೋಸ್ ಪೈಪಿನ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೊಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಅಲ್ಪ. ಆದರೆ ತಡಮಾಡದೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಆದುದರಿಂದ ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಪರೀಕ್ಷಿಸಬೇಕು, ಬರಿಗೈಯಿಂದ ಎಂದಿಗೂ ಕೂಡದು. ಎತ್ತಿ ನಿಲ್ಲಿಸಿದ ತೋಳಿನ ಕೆಳಗೆ ಭದ್ರವಾದ ಆಧಾರ ಕೊಡದೆ ಕೆಲಸ ಮಾಡಲೂ ಕೂಡದು. ದಯೆಯನ್ನು ಧರ್ಮದ ಮೂಲವೆಂದು ಅರಿತವರು ಅವಸರಪಡಿಸಿ ಹೆಲ್ಪರ್ ಹುಡುಗನನ್ನು ಅಂಥ ತೋಳಿನಡಿಗೆ ತೂರಿಸಲಾರರು.

ಇದೆಲ್ಲಕ್ಕೂ ಪರಿಹಾರ ಕಠಿಣವೇನಲ್ಲ. ಮಠಗಳೂ ಊರಿನ ಸಮಿತಿಗಳೂ ಕೆರೆಯ ಹೂಳೆತ್ತಿಸುವಾಗ ಮಾಡಿಕೊಳ್ಳುವ ಒಪ್ಪಂದದಲ್ಲಿ ಆರೈಕೆಯ ಹೊತ್ತನ್ನೂ ಬರೆಯಬೇಕು. ಬೆಳಗಿನ ಅರ್ಧ ಗಂಟೆ ಗ್ರೀಸಿಗೂ ಪರಿಶೀಲನೆಗೂ ಮೀಸಲಾಗಿರಬೇಕು ಮತ್ತು ಅದಕ್ಕೂ ಕೂಲಿ ಸಲ್ಲಬೇಕು. ಯಂತ್ರದಿಂದ ತೆಗೆದ ಕಪ್ಪು ಎಣ್ಣೆ ಕಾನೂನಿನ ದೃಷ್ಟಿಯಲ್ಲಿ ಅಪಾಯಕಾರಿ ತ್ಯಾಜ್ಯ. ಅದನ್ನು ಪೀಪಾಯಿಯಲ್ಲಿ ಸಂಗ್ರಹಿಸಿ ಅಧಿಕೃತರಿಗೆ ಒಪ್ಪಿಸಬೇಕು. ಕೆರೆಯನ್ನು ಉಳಿಸಲು ಬಂದ ಯಂತ್ರದ ಎಣ್ಣೆಯನ್ನು ಕೆರೆಯಂಗಳಕ್ಕೇ ಸುರಿದರೆ ಸಿದ್ಧರಾಮರ ಹೆಸರು ಹೇಳುವ ಅರ್ಹತೆ ಯಾರಿಗೂ ಉಳಿಯದು.

ಯಂತ್ರವನ್ನು ತಯಾರಿಸುವವರಿಗೆ ಹೆಸರಿದೆ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯ ಕೆಜಿಎಫ್ ಕಾರ್ಖಾನೆಯನ್ನು ನಾಡು ಅಭಿಮಾನದಿಂದ ನೆನೆಯುತ್ತದೆ. ಅದನ್ನು ಕೊಳ್ಳುವವರಿಗೂ ನಡೆಸುವವರಿಗೂ ಒಂದಿಷ್ಟು ಮನ್ನಣೆಯುಂಟು. ಅದು ಕೆಡದಂತೆ ನೋಡಿಕೊಳ್ಳುವವನು ಮಾತ್ರ ಅದು ಕೆಟ್ಟ ದಿನದಂದೇ ಎಲ್ಲರ ನೆನಪಿಗೆ ಬರುತ್ತಾನೆ. ಅಂಬಿಗ, ಮೇದಾರ, ಮಾದಾರ, ಮಡಿವಾಳರನ್ನು ಸಮಾನ ಗೌರವದಿಂದ ಕೂರಿಸಿಕೊಂಡ ಅನುಭವಮಂಟಪದ ಪರಂಪರೆ, ಎಣ್ಣೆ ಮೆತ್ತಿದ ಅಂಗಿಯ ಮೆಕ್ಯಾನಿಕನನ್ನು ಬಾಗಿಲಾಚೆ ನಿಲ್ಲಿಸಲಾರದು. ಮುಂದಿನ ಮಳೆಗೆ ಕೆರೆ ತುಂಬಿ ಬಾಗಿನ ಅರ್ಪಿಸುವ ದಿನ ಅವನನ್ನೂ ಕರೆದು, ಹೆಸರು ಹಿಡಿದು ಶರಣು ಹೇಳುವುದು ಊರಿಗೆ ಶೋಭೆ.